ಗಂಡ-ಹೆಂಡತಿ ಇಬ್ಬರೂ ನನ್ನ ಕ್ಲೈಂಟ್, ಈಗ ಆಕೆಗೆ ಭಯ. ನಾನೇನು ಮಾಡಲಿ?

ಬೆಣ್ಣೆನಗರಿ_ಟ್ಯಾಕ್ಸ್

ದಾವಣಗೆರೆಯಲ್ಲಿ ಸಣ್ಣ ಆಫೀಸು ನನ್ನದು. ಇನ್‌ಕಮ್ ಟ್ಯಾಕ್ಸು, ಜಿಎಸ್‌ಟಿ, ಅಷ್ಟೇ ಕೆಲಸ. ಒಂದು ದಂಪತಿಯ ರಿಟರ್ನ್ಸ್ ಎಂಟು ವರ್ಷದಿಂದ ನಾನೇ ಫೈಲ್ ಮಾಡ್ತಿದ್ದೇನೆ. ಇಬ್ಬರ ಕಾಗದ ಪತ್ರನೂ ಗಂಡನೇ ತಂದುಕೊಡುತ್ತಿದ್ದ.

ಹೋದ ವಾರ ಆಕೆ ಒಬ್ಬರೇ ಬಂದರು. ಮನೆ ಬಿಟ್ಟು ನಾಲ್ಕು ತಿಂಗಳಾಯ್ತಂತೆ, ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ್ದಾರೆ. ಹೊಡೆತ ಬಡಿತ ಇತ್ತು ಅನ್ನೋದನ್ನ ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಟೀ ಲೋಟ ಹಿಡಿದ ಕೈ ನಡುಗುತ್ತಿತ್ತು. ಕೇಳಿದ್ದು ಒಂದೇ ಮಾತು: "ಸರ್, ನಾನೆಲ್ಲಿ ಕೆಲಸ ಮಾಡ್ತಿದ್ದೀನಿ ಅಂತ ಅವರಿಗೆ ಗೊತ್ತಾಗುತ್ತಾ?" ನಾನು ಸುಮ್ನೆ ಸಮಾಧಾನಕ್ಕೆ "ಏನೂ ಆಗಲ್ಲ ಬಿಡಮ್ಮ, ಹೇಗೆ ಗೊತ್ತಾಗುತ್ತೆ" ಅಂದುಬಿಟ್ಟೆ.

ರಾತ್ರಿ ಮನಸ್ಸು ತಡೆಯದೆ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಆಕೆಯ ಖಾತೆ ತೆಗೆದು ನೋಡಿದೆ. 26ಎಎಸ್‌ನಲ್ಲಿ, ಅಂದರೆ ಆಕೆಯ ಹೆಸರಲ್ಲಿ ಯಾರ್ಯಾರು ತೆರಿಗೆ ಹಿಡಿದಿದ್ದಾರೆ ಅನ್ನೋ ಪಟ್ಟಿಯಲ್ಲಿ, ಹೊಸ ಕಂಪನಿ ಹೆಸರು ನೀಟಾಗಿ ಕೂತಿದೆ, ಸಂಬಳದಲ್ಲಿ ಹಿಡಿದ ಟಿಡಿಎಸ್ ಸಮೇತ. ಪೋರ್ಟಲ್‌ನಲ್ಲಿರೋ ಮೊಬೈಲ್ ನಂಬರು ಗಂಡನದು, ಇಮೇಲ್ ಕೂಡ ಅವನದೇ. ಪಾಸ್‌ವರ್ಡ್ ಅವನ ಹೆಸರಿನ ಮುಂದೆ @123, ಅದನ್ನು ಇಟ್ಟವನು ನಾನೇ! ಅವನು ಒಂದು ಸಲ ಒಳಗೆ ಹೋದರೆ ಮುಗೀತು ಕಥೆ.

ಈಗ ನಾನೇನು ಮಾಡಬೇಕು? ಆಮೇಲೆ ಅವನೂ ನನ್ನ ಕ್ಲೈಂಟೇ, ನಾಳೆ ಬಂದು ಕೇಳಿದರೆ ಏನು ಹೇಳಲಿ?

ಮೈಸೂರು_ಸಿಎ

ಮೊದಲು ಆಕೆಗೆ ಫೋನ್ ಮಾಡಿ "ನಾನು ಹೇಳಿದ್ದು ತಪ್ಪು" ಅಂತ ಹೇಳಿ ಸರ್. ಇವತ್ತೇ ಹೇಳಿ. ನಿಮ್ಮ ಮಾತು ನಂಬಿ ಅವರು ಧೈರ್ಯವಾಗಿ ಕೂತಿರುತ್ತಾರೆ. ಫೋನ್ ಅಂದರೆ ಹೊಸ ನಂಬರ್‌ಗೆ ಮತ್ತೆ. ಹಳೇ ನಂಬರ್‌ಗೆ ವಾಟ್ಸಾಪ್‌ನಲ್ಲಿ ಏನನ್ನೂ ಕಳಿಸಬೇಡಿ.

ಆಮೇಲೆ ಪಾಸ್‌ವರ್ಡ್ ಒಂದನ್ನೇ ಬದಲಾಯಿಸಿ ಕೈ ತೊಳೆದುಕೊಂಡರೆ ಪ್ರಯೋಜನ ಇಲ್ಲ. ಆಧಾರ್‌ಗೆ ಗಂಡನ ನಂಬರ್ ಲಿಂಕ್ ಆಗಿದ್ದರೆ ಅವನು ಒಟಿಪಿ ತರಿಸಿಕೊಂಡು ಎರಡು ನಿಮಿಷದಲ್ಲಿ ರೀಸೆಟ್ ಮಾಡಿಕೊಳ್ಳುತ್ತಾನೆ. ಹಾಗಾಗಿ ಮೊದಲು ಆಧಾರ್‌ನಲ್ಲಿ ಮೊಬೈಲ್ ಬದಲಾಗಲಿ, ಹೊಸ ಇಮೇಲ್ ಆಗಲಿ. ಆಮೇಲೆ ಪೋರ್ಟಲ್‌ನಲ್ಲಿ ಅವೆರಡನ್ನೂ ಹಾಕಿ, ಕೊನೆಗೆ ಪಾಸ್‌ವರ್ಡ್. ಇ-ಫೈಲಿಂಗ್ ವಾಲ್ಟ್ ಅಂತ ಒಂದು ಆಯ್ಕೆ ಇದೆ, ಲಾಗಿನ್‌ಗೂ ರೀಸೆಟ್‌ಗೂ ಇನ್ನೊಂದು ಬೀಗ ಹಾಕಿದ ಹಾಗೆ. ಅದನ್ನೂ ಆನ್ ಮಾಡಿಸಿ. ಹೊಸ ಪಾಸ್‌ವರ್ಡನ್ನು ಅವರೇ ಟೈಪ್ ಮಾಡಲಿ, ನೀವು ಆ ಕಡೆ ತಿರುಗಿ ಕೂತುಕೊಳ್ಳಿ.

ಬರೀ 26ಎಎಸ್ ಅಲ್ಲ ಸರ್, ಎಐಎಸ್ ನೋಡಿ, ವರ್ಷದ ಆದಾಯ-ವ್ಯವಹಾರದ ಪಟ್ಟಿ ಅದು. ಹೊಸ ಬ್ಯಾಂಕ್ ಖಾತೆಯ ಬಡ್ಡಿನೂ ಅಲ್ಲಿ ಬರುತ್ತೆ. ಇನ್ನು ರಿಟರ್ನ್ ನೋಡಿದ ಮೇಲೆ ಇಲಾಖೆ ಕಳಿಸೋ 143(1) ಇಂಟಿಮೇಶನ್ ಇಮೇಲ್‌ಗೆ ಬರುತ್ತಲ್ವಾ, ಆ ಪಿಡಿಎಫ್ ತೆಗೆಯೋಕೆ ಬೇಕಾಗಿರೋದು ಪ್ಯಾನ್ ನಂಬರ್ ಮತ್ತು ಹುಟ್ಟಿದ ತಾರೀಕು. ಯಾವ ಗಂಡನಿಗೆ ಅದು ಗೊತ್ತಿರಲ್ಲ ಹೇಳಿ?

ಲೆಕ್ಕಾಚಾರಿ

ಎಲ್ಲರೂ ಯಾಕಿಷ್ಟು ತಲೆಕೆಡಿಸಿಕೊಳ್ತೀರಿ? ನಮ್ಮ ಕೆಲಸ ರಿಟರ್ನ್ ಫೈಲ್ ಮಾಡೋದು. ಗಂಡ-ಹೆಂಡತಿ ಜಗಳ ಇವತ್ತಿರುತ್ತೆ, ನಾಳೆ ಒಂದಾಗ್ತಾರೆ, ಮಧ್ಯ ಹೋದವನು ಕೆಟ್ಟವನಾಗ್ತಾನೆ. ಪೊಲೀಸ್ ಸ್ಟೇಷನ್‌ಗೆ ಹೋಗಮ್ಮ ಅಂತ ಹೇಳಿ ಕಳಿಸಿ.

ಬೆಣ್ಣೆನಗರಿ_ಟ್ಯಾಕ್ಸ್

@ಲೆಕ್ಕಾಚಾರಿ ಅವರೇ, ಜಗಳ ಬಿಡಿಸೋಕೆ ನಾನು ಹೋಗ್ತಿಲ್ಲ. ಆದರೆ ಅವಳ ಮನೆ ಬೀಗದ ಕೈ ಅವನ ಜೇಬಿಗೆ ಹಾಕಿದ್ದು ನಾನೇ ಅಲ್ವಾ? ಅದನ್ನು ವಾಪಸ್ ತೆಗೆಯೋದು ಯಾರ ಕೆಲಸ?

ಧಾರವಾಡ_ವಕೀಲೆ

ಮೊದಲನೇದು, ಎಲ್ಲಾನೂ ನೀವೇ ಒಂದೇ ಸಂಜೆ ಬದಲಾಯಿಸಿಬಿಡಬೇಡಿ. ಒಟಿಪಿ, ಮೆಸೇಜು ಹಳೇ ನಂಬರ್‌ಗೆ ಹೋಗಬಹುದು. ಅದನ್ನು ನೋಡಿದ ಗಂಡ ಅವತ್ತೇ ಹುಡುಕಿಕೊಂಡು ಹೊರಡಬಹುದು. "ಯಾವಾಗ ಮಾಡೋಣ? ಆ ಹೊತ್ತಿಗೆ ನೀವೆಲ್ಲಿರ್ತೀರಿ, ಜೊತೆಗೆ ಯಾರಿರ್ತಾರೆ?" ಅಂತ ಕೇಳಿ. ಅವನು ಎಂಥವನು ಅನ್ನೋದು ಆಕೆಗೆ ಗೊತ್ತಿರುವಷ್ಟು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಕಾನೂನಿನ ಮಾತಿಗೆ ಬಂದರೆ, ಸ್ಟೇಷನ್ ಒಂದೇ ದಾರಿ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಇರ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಆ ಕೆಲಸ ನೋಡ್ತಾರೆ. ಗಂಡ ಆಕೆಯ ಕೆಲಸದ ಜಾಗಕ್ಕೆ ಕಾಲಿಡಬಾರದು, ಫೋನ್ ಮಾಡಬಾರದು ಅಂತ 18ನೇ ಕಲಮಿನಡಿ ಕೋರ್ಟ್ ಆದೇಶ ಕೊಡಬಹುದು, ಅದಕ್ಕೆ ಮೊದಲು ಎಫ್‌ಐಆರ್ ಆಗಲೇಬೇಕು ಅಂತೇನಿಲ್ಲ. ವಕೀಲರ ಖರ್ಚಿಗೆ ಹೆದರಿದ್ದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ, 15100ಕ್ಕೆ ಫೋನ್ ಮಾಡಲಿ. ಮಹಿಳಾ ಸಹಾಯವಾಣಿ 181. ಕುತ್ತಿಗೆಗೆ ಬಂದಾಗ 112. ಈ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಮೆಸೇಜ್ ಬೇಡ.

ಗಂಡ ಬಂದು ಕೇಳಿದರೆ "ಅವಳು ಬಂದೇ ಇಲ್ಲ" ಅನ್ನಬೇಡಿ, "ಬಂದಿದ್ದರು" ಅಂತಾನೂ ಅನ್ನಬೇಡಿ. "ಯಾರ ಖಾತೆ ವಿಷಯನೂ ಇನ್ನೊಬ್ಬರ ಹತ್ತಿರ ಮಾತಾಡಲ್ಲ, ನಿಮ್ಮದನ್ನೂ ಹಾಗೇ ಇಟ್ಟಿದ್ದೀನಿ" ಅನ್ನಿ. ಸಿಎಗಳಿಗಂತೂ ಕ್ಲೈಂಟ್ ಒಪ್ಪಿಗೆ ಇಲ್ಲದೆ ವಿಷಯ ಬಿಟ್ಟುಕೊಡೋದು 1949ರ ಸಿಎ ಕಾಯ್ದೆಯಲ್ಲೇ ದುರ್ನಡತೆ. ನೀವು ಸಿಎ ಅಲ್ಲದಿದ್ದರೂ ಅದೇ ನಿಯಮ ಇಟ್ಟುಕೊಳ್ಳಿ. ಆಫೀಸ್ ಹುಡುಗರಿಗೂ ಇದೇ ಮಾತು ಬಾಯಿಪಾಠ ಮಾಡಿಸಿ. ವಿಷಯ ಜಾಸ್ತಿ ಸೋರೋದು ಅಲ್ಲೇ.

ಇನ್ನೊಂದು, ದಯವಿಟ್ಟು "ಹೊಂದಿಕೊಂಡು ಹೋಗಮ್ಮ" ಅಂತ ಮಾತ್ರ ಹೇಳಬೇಡಿ. ನನ್ನ ಹತ್ತಿರ ಬರೋ ಹತ್ತರಲ್ಲಿ ಎಂಟು ಜನ ಅದನ್ನು ಯಾರೋ ಹಿತೈಷಿಗಳಿಂದ ಕೇಳಿಸಿಕೊಂಡೇ ಬಂದಿರ್ತಾರೆ.

ನಿವೃತ್ತ_ಮ್ಯಾನೇಜರ್

ಮೂವತ್ತು ವರ್ಷ ಬ್ಯಾಂಕಲ್ಲಿದ್ದೆ, ಅದರ ಮೇಲೆ ಎರಡು ಮಾತು. ಜಂಟಿ ಖಾತೆಯ ಎಟಿಎಂ ಕಾರ್ಡು ಇನ್ನೂ ಬಳಸ್ತಿದ್ದಾರಾ ಕೇಳಿ. ದುಡ್ಡು ತೆಗೆದ ತಕ್ಷಣ ಎಸ್ಸೆಮ್ಮೆಸ್ ಹೋಗುತ್ತೆ, ಸ್ಟೇಟ್‌ಮೆಂಟ್‌ನಲ್ಲಿ ಊರಿನ ಹೆಸರು ಬೀಳುತ್ತೆ. ಫಾಸ್ಟ್ಯಾಗ್ ಗಂಡನ ನಂಬರ್‌ಗೆ ಇದ್ದರೆ ಟೋಲ್ ದಾಟಿದಾಗೆಲ್ಲ ಟೋಲ್ ಹೆಸರು ಅವನ ಫೋನ್‌ಗೆ. ಎಫ್‌ಡಿ, ಎಲ್‌ಐಸಿ ನಾಮಿನಿನೂ ನೋಡಿಸಿ. ಹೊಸ ಖಾತೆ ತೆಗೆದರೆ ಬೇರೆ ಬ್ಯಾಂಕಲ್ಲಿ ತೆಗೀಲಿ. ಹಳೇ ಶಾಖೆಯಲ್ಲಿ ಗಂಡನಿಗೆ ಪರಿಚಯದವರು ಇದ್ದೇ ಇರ್ತಾರೆ.

ಬೆಣ್ಣೆನಗರಿ_ಟ್ಯಾಕ್ಸ್

ಎಲ್ಲರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಹೇಳ್ತೀನಿ.

ಆಕೆಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಸ್ವಲ್ಪ ಹೊತ್ತು ಮಾತೇ ಇಲ್ಲ, ಆಮೇಲೆ "ಹೇಳಿದ್ದು ಒಳ್ಳೇದಾಯ್ತು ಸರ್" ಅಂದರು. ಆಧಾರ್ ನಂಬರ್ ಅವರದೇ ಇತ್ತು, ಪುಣ್ಯ. ಶನಿವಾರ ಅಣ್ಣನ ಜೊತೆ ಬಂದು ಉಳಿದದ್ದೆಲ್ಲ ಕೂತು ಮಾಡಿಕೊಂಡರು. ಫಾಸ್ಟ್ಯಾಗ್ ಯಾರಿಗೂ ನೆನಪೇ ಇರಲಿಲ್ಲ, ಗಾಡಿ ಅಣ್ಣನ ಮನೇಲಿ ಬಿಟ್ಟು ಬಸ್ಸಲ್ಲಿ ಹೋದರು. ಅವರು ಹೋದ ಮೇಲೆ ನನ್ನ ಪಾಸ್‌ವರ್ಡ್ ನೋಟ್‌ಬುಕ್ ತೆಗೆದು ನೋಡಿದೆ. ಇನ್ನೂರಾ ಹತ್ತು ಕ್ಲೈಂಟ್‌ಗಳು, ಅದರಲ್ಲಿ ನಲವತ್ತಮೂರು ಹೆಂಗಸರ ಖಾತೆಗೆ ಗಂಡನದೋ ಅಪ್ಪನದೋ ಮೊಬೈಲು. ಒಬ್ಬೊಬ್ಬರನ್ನೇ ಕರೆಸುತ್ತಿದ್ದೇನೆ.

ನಿನ್ನೆ ಗಂಡನ ಫೋನ್ ಬಂತು. "ಅವಳ ಲಾಗಿನ್ ಆಗ್ತಿಲ್ಲ ಸರ್, ಸ್ವಲ್ಪ ನೋಡಿ" ಅಂದ. ವಕೀಲೆ ಮೇಡಂ ಹೇಳಿಕೊಟ್ಟ ಮಾತನ್ನೇ ಹೇಳಿದೆ, ಗಂಟಲು ಒಣಗಿತ್ತು. ಎರಡು ಸಲ ಕೇಳಿದ, ಎರಡು ಸಲಾನೂ ಅದನ್ನೇ ಹೇಳಿದೆ. ಸರಿ ಅಂತ ತನ್ನ ಜಿಎಸ್‌ಟಿ ಬಗ್ಗೆ ಕೇಳಿ ಫೋನ್ ಇಟ್ಟ. ಅವನು ಕೇಳಿದ್ದ ವಿಷಯ, ಕೇಳಿದ ಹೊತ್ತು ಎರಡನ್ನೂ ಆಕೆಗೆ ತಿಳಿಸಿದ್ದೇನೆ.