ವಯಸ್ಸಾದವರಿಗೆ ನಾರಿನ ಪಾದರಕ್ಷೆ: ಪಾದವೈದ್ಯರನ್ನು ಕೇಳಿ

ಸಂಜೆ ವಾಕ್: ಮೇಡಂ, ನನಗೆ 71. ಸೆಣಬಿನ ಅಡಿ ಇರುವ ಶೂ ಹಾಕಬಹುದಾ?

ಪಾದವೈದ್ಯೆ: ಒಣ ನೆಲದಲ್ಲಿ ಹಾಕಿ. ಸೆಣಬು ನೀರು ಕುಡಿದರೆ ಬೇಗ ಹಾಳು. ಕೆಳಗೆ ರಬ್ಬರ್ ಪದರ ಇರಲಿ, ಹಿಮ್ಮಡಿ ಹಿಡಿದುಕೊಳ್ಳುವ ಹಾಗೆ ಹಿಂಭಾಗ ಗಟ್ಟಿ ಇರಲಿ. ಅಳತೆ ಸಂಜೆ ನೋಡಿ, ನಿಂತುಕೊಂಡು, ಎರಡೂ ಕಾಲಿಗೆ.

ಹಿರಿಮಗಳು: ಅಪ್ಪನಿಗೆ ತುಂಬಾ ವರ್ಷದಿಂದ ಶುಗರ್. ಹತ್ತಿ ಬಟ್ಟೆಯ ಹೊಸ ಶೂ ಕೊಡಿಸಿದೆವು. ಈಗ ಎಡಗಾಲು ಮಾತ್ರ ಊದಿ ಕೆಂಪಗಾಗಿದೆ, ಮುಟ್ಟಿದರೆ ಬಿಸಿ. ಗಾಯ ಕಾಣುತ್ತಿಲ್ಲ. ನೋವೇ ಇಲ್ಲ ಅಂತ ದಿನಾ ವಾಕಿಂಗ್ ಹೋಗುತ್ತಾರೆ. ಶೂ ಬದಲಿಸಬೇಕಾ?

ಪಾದವೈದ್ಯೆ: ಶೂ ವಿಷಯ ಆಮೇಲೆ. ಮೊದಲು ವಾಕಿಂಗ್ ನಿಲ್ಲಿಸಿ. ನೋವಿಲ್ಲ ಅಂದಿದ್ದಕ್ಕೇ ನನಗೆ ಭಯ. ಹಳೆಯ ಶುಗರ್‌ನಲ್ಲಿ ಪಾದದ ನರ ಜೋಮು ಹಿಡಿದಿರುತ್ತದೆ, ಒಳಗೆ ಮೂಳೆ ಬಿರುಕು ಬಿಟ್ಟರೂ ತಿಳಿಯುವುದಿಲ್ಲ. ಒಂದೇ ಕಾಲು ಹೀಗೆ ಬಿಸಿಯಾಗಿ ಊದಿದರೆ ಶಾರ್ಕೋ ಪಾದ ಇರಬಹುದು, ಅಂದರೆ ಜೋಮು ಹಿಡಿದ ಪಾದದ ಮೂಳೆ, ಕೀಲು ಒಳಗೊಳಗೇ ಹಾಳಾಗುವ ತೊಂದರೆ. ಸೋಂಕೂ ಇರಬಹುದು, ರಕ್ತ ಹೆಪ್ಪುಗಟ್ಟಿರಲೂಬಹುದು. ಶಾರ್ಕೋ ಆಗಿದ್ದರೆ ನಡೆದಷ್ಟೂ ಪಾದದ ಕಮಾನು ಕುಸಿಯುತ್ತದೆ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗೇ ಕಾಣಬಹುದು, ಅಷ್ಟಕ್ಕೇ ಸಮಾಧಾನ ಪಟ್ಟುಕೊಳ್ಳಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಆ ಕಾಲು ಊರಿಸದೆ. ಶೂ ಕೂಡ ತೆಗೆದುಕೊಂಡು ಹೋಗಿ. ಒಳಗೆ ಕೈ ಹಾಕಿ ಸವರಿ ನೋಡಿ, ಹೊಲಿಗೆಯ ಗಂಟು ಒತ್ತುತ್ತಿದ್ದರೂ ಅವರಿಗೆ ಗೊತ್ತಾಗಿರುವುದಿಲ್ಲ.

ಹಸಿರು ಹೆಜ್ಜೆ: ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟರೆ ಊತ ಇಳಿಯುತ್ತಂತೆ. ಫಾರ್ವರ್ಡ್ ಬಂದಿತ್ತು.

ಪಾದವೈದ್ಯೆ: ಬಿಸಿಯೇ ಗೊತ್ತಾಗದ ಕಾಲು ಸುಟ್ಟುಹೋಗುತ್ತದೆ. ಆಮೇಲೆ ಡ್ರೆಸ್ಸಿಂಗ್ ಮಾಡೋಕೆ ಫಾರ್ವರ್ಡ್ ಮಾಡಿದವರು ಬರುತ್ತಾರಾ? ಆಣಿಗೆ ಹಚ್ಚುವ ಪಟ್ಟಿಯೂ ಬೇಡ, ಅದರಲ್ಲಿ ಆಸಿಡ್ ಇರುತ್ತದೆ.

ಬೆಳಗಿನ ಚಹಾ: ಉಣ್ಣೆಯ ಸ್ಲಿಪ್ಪರ್ ಒಗೆಯಬಹುದಾ ಮೇಡಂ?

ನಿವೃತ್ತ ಮೇಷ್ಟ್ರು: ಇದೆಲ್ಲ ಯಾಕೆ? ಬರಿಗಾಲೇ ಒಳ್ಳೇದು.

ಹಸಿರು ಹೆಜ್ಜೆ: ಫೋಮ್ ಚಪ್ಪಲಿಗಿಂತ ನಾರು ವಾಸಿ ಸರ್, ಮಣ್ಣಲ್ಲಿ ಕರಗುತ್ತದೆ.

ನಿವೃತ್ತ ಮೇಷ್ಟ್ರು: ಅದಕ್ಕೆ ಹಾಕಿರೋ ಅಂಟು? ಪಾಲಿಯೆಸ್ಟರ್ ದಾರ? ಅದೂ ಕರಗುತ್ತಾ?

ಹಸಿರು ಹೆಜ್ಜೆ: ನೀವು ಬರಿಗಾಲಲ್ಲೇ ಓಡಾಡಿ. ನಮಗೆ ಪಾಠ ಬೇಡ.

ನಿವೃತ್ತ ಮೇಷ್ಟ್ರು: ಉಪ್ಪುನೀರಿನ ಪಾಠ ಮಾಡಿದ್ದು ಯಾರು?

ಪಾದವೈದ್ಯೆ: ಇಬ್ಬರೂ ಸಾಕು ಮಾಡಿ. ವಯಸ್ಸಾದವರು ಮನೆಯೊಳಗೆ ಬೀಳುವುದು ಬರಿಗಾಲಲ್ಲಿ, ಬರೀ ಸಾಕ್ಸ್‌ನಲ್ಲೇ ಜಾಸ್ತಿ. ಮೇಷ್ಟ್ರೇ, ನೀವೂ ಓದಿಕೊಳ್ಳಿ.

ನಡಿಗೆಪ್ರಿಯ: ದಪ್ಪ ಮೆತ್ತನೆ ಅಡಿ ಇದ್ದರೆ ಆರಾಮ ಅಲ್ವಾ?

ಪಾದವೈದ್ಯೆ: ಆರಾಮ ಇರಬಹುದು, ನಿಲುವು ತಪ್ಪುತ್ತದೆ. ತೆಳು, ಗಟ್ಟಿ ಅಡಿ ನೋಡಿ.

ಹಿರಿಮಗಳು: ಮೇಡಂ, ಭಾನುವಾರದವರೆಗೆ ಕಾಯಬಹುದಾ? ಅಪ್ಪ ಒಪ್ಪುತ್ತಿಲ್ಲ.

ಪಾದವೈದ್ಯೆ: ಇವತ್ತು ಅಂದೆ. ಫೋನ್ ಕೆಳಗಿಡಿ, ಹೊರಡಿ.

ಸಂಜೆ ವಾಕ್: ಸೆಣಬಿನ ಶೂ ಮಳೆಯಲ್ಲಿ ಹಾಕಬಹುದಾ?

ಪಾದವೈದ್ಯೆ: ಮೇಲೆ ಓದಿ.