ಓದುಗರ ಸ್ಪಂದನ: ಪತ್ರದಲ್ಲಿ ಮೂವತ್ತೇಳೂವರೆ ಗಂಟೆ, ಕೈಗೆ ಸಿಗೋದು ಹದಿನೆಂಟು

ಕಳೆದ ಸಲದ ಸಮಸ್ಯೆ: ಅರಸೀಕೆರೆ ಕಡೆಯವಳು, ಬಿಎಸ್‌ಸಿ ನರ್ಸಿಂಗ್ ಓದಿದ್ದೇನೆ. 2024ರ ಮೇ ತಿಂಗಳಲ್ಲಿ ಏಜೆಂಟ್ ಒಬ್ಬರು 14 ಲಕ್ಷ ತೆಗೆದುಕೊಂಡು 'ಹೋಮ್ ನರ್ಸ್' ಕೆಲಸ ಅಂತ ಇಂಗ್ಲೆಂಡಿಗೆ ಕಳಿಸಿದರು. ಬಂದ ಮೇಲೆ ನೋಡಿದರೆ ಕೇರರ್ ಕೆಲಸ, ಅಂದರೆ ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವುದು. ವೀಸಾಗೆ ಕಂಪನಿ ಕೊಟ್ಟ ಸ್ಪಾನ್ಸರ್‌ಶಿಪ್ ಪತ್ರದಲ್ಲಿ ವಾರಕ್ಕೆ 37.5 ಗಂಟೆ, ವರ್ಷಕ್ಕೆ 23,200 ಪೌಂಡ್ ಅಂತಿದೆ. ಕೊಡುತ್ತಿರುವುದು ಹದಿನೆಂಟು ಗಂಟೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ದುಡ್ಡಿಲ್ಲ. ಕಂಪನಿಯ ಕಾರು ಓಡಿಸುತ್ತೇನೆ, ಅದರ ಬಾಡಿಗೆ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಕೇಳಿದರೆ 'ವೀಸಾ ಕ್ಯಾನ್ಸಲ್ ಮಾಡ್ತೀವಿ, ಬಿಟ್ಟು ಹೋದ್ರೆ 6,000 ಪೌಂಡ್ ಕಟ್ಟು' ಅನ್ನುತ್ತಾರೆ. ಬಂದು ಒಂದೂವರೆ ವರ್ಷ ಆಯಿತು. ನಾಲ್ಕು ವರ್ಷದ ಮಗಳು ಅತ್ತೆಯ ಹತ್ತಿರ ಇದ್ದಾಳೆ. ಊರಲ್ಲಿ ಸಾಲ. ಇರಲೋ, ಬಿಟ್ಟು ಬರಲೋ?

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಸಿಸ್ಟರ್,

ಆ 'ಹೋಮ್ ನರ್ಸ್' ಅನ್ನೋ ಮಾತಿನಲ್ಲೇ ಮೋಸ ಶುರುವಾಗಿದೆ. ನಮ್ಮೂರಲ್ಲಿ ನರ್ಸಿಂಗ್ ಓದದವರನ್ನೂ ಹೋಮ್ ನರ್ಸ್ ಅಂತಾರೆ. ಮನೆಯಲ್ಲಿದ್ದು ಅಜ್ಜ ಅಜ್ಜಿಯನ್ನು ನೋಡಿಕೊಂಡರೆ ಸಾಕು. ಇಲ್ಲಿ ಇಂಗ್ಲೆಂಡಿನಲ್ಲಿ ಅದೇ ಕೆಲಸಕ್ಕೆ ಕೇರರ್ ಅಂತಾರೆ. ರಿಜಿಸ್ಟರ್ಡ್ ನರ್ಸ್ ಅನ್ನಿಸಿಕೊಳ್ಳಬೇಕಾದರೆ ಎನ್‌ಎಂಸಿ, ಅಂದರೆ ಇಲ್ಲಿನ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿರಬೇಕು. ನಾನೂ ಇದು ಗೊತ್ತಿಲ್ಲದೇ ಬಂದವಳು. 2022ರ ಫೆಬ್ರವರಿಯಲ್ಲಿ ಕೇರರ್‌ಗಳಿಗೂ ವೀಸಾ ಕೊಡಲು ಶುರು ಮಾಡಿದರಲ್ಲ, ಆ ವರ್ಷದ ಅಕ್ಟೋಬರ್‌ನಲ್ಲಿ ಬಂದೆ.

ಮೊದಲ ಚಳಿಗಾಲ ಈಗಲೂ ಕಣ್ಣ ಮುಂದಿದೆ. ಮೊಬೈಲ್‌ನಲ್ಲಿ ರೋಟಾ, ಅಂದರೆ ದಿನದ ಕೆಲಸದ ಪಟ್ಟಿ ಬರುತ್ತಿತ್ತು. ಏಳರಿಂದ ಏಳೂವರೆ ಒಂದು ಮನೆ, ಏಳೂವರೆಯಿಂದ ಎಂಟು ಇನ್ನೊಂದು. ನಡುವೆ ನಾಲ್ಕು ಮೈಲಿ. ಆ ನಾಲ್ಕು ಮೈಲಿಯನ್ನು ಹಾರಿಕೊಂಡು ಹೋಗಬೇಕಿತ್ತೇನೋ! ಬಾಗಿಲ ಪಕ್ಕದ ಗೋಡೆಗೆ ಕೀ ಸೇಫ್ ಅಂತ ಮನೆ ಕೀಲಿ ಇಡುವ ಒಂದು ಪುಟ್ಟ ಡಬ್ಬಿ ಇರುತ್ತದೆ, ನಿಮಗೆ ಗೊತ್ತಲ್ಲ. ಚಳಿಗೆ ಅದರ ಗುಂಡಿಗಳು ಬಿಗಿದುಕೊಂಡಿರುತ್ತಿದ್ದವು. ಬಾಯಿಂದ ಉಸಿರು ಊದಿ ಊದಿ ನಂಬರ್ ಒತ್ತಬೇಕು. ಒಳಗೆ ಒಬ್ಬರು ಅಜ್ಜಿ ಒದ್ದೆ ಹಾಸಿಗೆಯಲ್ಲಿ ನನ್ನ ದಾರಿ ಕಾಯುತ್ತಿರುತ್ತಿದ್ದರು. ಪ್ಯಾಡ್ ಬದಲಿಸಿ, ಮೈ ಒರೆಸಿ, ಬೆನ್ನು ಕೆಂಪಾಗಿದೆಯಾ ನೋಡಿ, ಮಾತ್ರೆ ಕೊಟ್ಟು ಚಾರ್ಟ್‌ಗೆ ಸಹಿ ಹಾಕಿ, ಟೋಸ್ಟ್ ಮಾಡಿಕೊಡಬೇಕು. ಎಲ್ಲ ಅರ್ಧ ಗಂಟೆಯಲ್ಲಿ. ಅವರಿಗೆ ಮಾತು ಬೇಕಿತ್ತು, ನನಗೆ ಹೊತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮೊದಲೇ ಮನೆ ಬಿಟ್ಟು ರಾತ್ರಿ ಹತ್ತಕ್ಕೆ ಸೇರಿದರೂ ಸಂಬಳದ ಲೆಕ್ಕಕ್ಕೆ ಸಿಕ್ಕಿದ್ದು ಆರು ಗಂಟೆ.

ಒಂದು ಸಾದಾ ನೋಟ್‌ಬುಕ್ ತಂದು ಬರೆಯುತ್ತಾ ಹೋದೆ. ಯಾವ ಮನೆ (ಹೆಸರು ಬೇಡ, ಗುರುತಿಗೆ ಒಂದಕ್ಷರ ಸಾಕು), ಎಷ್ಟಕ್ಕೆ ಹೋದೆ, ಎಷ್ಟಕ್ಕೆ ಬಿಟ್ಟೆ, ದಾರಿಗೆ ಎಷ್ಟು ಹೊತ್ತು. ರೋಟಾದ ಸ್ಕ್ರೀನ್‌ಶಾಟ್‌ಗಳನ್ನು ನನ್ನ ಸ್ವಂತ ಇಮೇಲ್‌ಗೆ ಕಳಿಸಿಟ್ಟೆ. ನೀವೂ ಇವತ್ತಿನಿಂದಲೇ ಶುರು ಮಾಡಿ. ಇಲ್ಲಿನ ಕನಿಷ್ಠ ವೇತನದ ನಿಯಮದ ಪ್ರಕಾರ ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಹೊತ್ತೂ ಕೆಲಸದ ಹೊತ್ತೇ. 2025ರ ಏಪ್ರಿಲ್‌ನಿಂದ ಒಂದು ವರ್ಷ ಆ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಇತ್ತು. ದಾರಿಯ ಹೊತ್ತನ್ನೂ ಸೇರಿಸಿದ ಒಟ್ಟು ಗಂಟೆಗಳಿಂದ ಸಂಬಳವನ್ನು ಭಾಗಿಸಿ ನೋಡಿ. ನನಗೆ ಬಿದ್ದಿದ್ದು ಎಂಟು ಪೌಂಡ್ ಚಿಲ್ಲರೆ. ಆ ಲೆಕ್ಕ ಮುಂದಿಟ್ಟ ಮೇಲೇ ನಮ್ಮ ಮ್ಯಾನೇಜರ್ ದನಿ ಇಳಿದಿದ್ದು.

ಆದರೆ ನಿಮ್ಮ ನಿಜವಾದ ದಾರಿ ಬೇರೆ ಇದೆ. ನೀವು ನರ್ಸ್. ಎನ್‌ಎಂಸಿಗೆ ಅರ್ಜಿ ಹಾಕಿ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ ಬರವಣಿಗೆಗೆ 6.5, ಉಳಿದ ಮೂರಕ್ಕೂ 7 ಬೇಕು. ಅದು ಕಷ್ಟ ಅನ್ನಿಸಿದರೆ ಒಇಟಿ ತಗೊಳ್ಳಿ, ಅದು ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಬರವಣಿಗೆಗೆ ಸಿ ಪ್ಲಸ್, ಉಳಿದದ್ದಕ್ಕೆ ಬಿ. ಪ್ರಶ್ನೆಗಳೆಲ್ಲ ಆಸ್ಪತ್ರೆಯವೇ ಆದ್ದರಿಂದ ನಮಗೆ ಸಲೀಸು. ಆಮೇಲೆ ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆ, ಕೊನೆಗೆ ಆಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ, ಅದರಲ್ಲಿ ಹತ್ತು ಸ್ಟೇಷನ್‌. ಅದರ ಫೀಸು 794 ಪೌಂಡ್. ನಾನು ಮೊದಲ ಸಲ ಒಂದು ಸ್ಟೇಷನ್‌ನಲ್ಲಿ ಫೇಲ್. ಕಾರಣ ಕೇಳಿದರೆ ನಗುತ್ತೀರಿ, ಕೈ ತೊಳೆಯುವುದನ್ನೇ ಮರೆತಿದ್ದೆ! ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನ ಕಾಗದಪತ್ರಕ್ಕೆ ನಮ್ಮಣ್ಣ ಬೆಂಗಳೂರಿಗೆ ನಾಲ್ಕು ಸಲ ಅಲೆದ. ನಿಮ್ಮ ಯಜಮಾನರಿಗೂ ಆ ಕೆಲಸ ಹಚ್ಚಿ.

ಸಿಬಿಟಿ ಪಾಸಾದವರನ್ನು ಸ್ಪಾನ್ಸರ್ ಮಾಡಿಕೊಂಡು, ಆಸ್ಕಿಗೆ ತಾವೇ ತಯಾರಿ ಮಾಡಿಸುವ ಆಸ್ಪತ್ರೆಗಳೂ ನರ್ಸಿಂಗ್ ಹೋಮ್‌ಗಳೂ ಇವೆ. ಇನ್ನೊಂದು ಮಾತು. 2024ರ ಮಾರ್ಚ್ 11ರಿಂದ ಈಚೆಗೆ ವೀಸಾಗೆ ಅರ್ಜಿ ಹಾಕಿ ಬಂದ ಕೇರರ್‌ಗಳು ಮನೆಯವರನ್ನು ಕರೆಸಿಕೊಳ್ಳುವಂತಿಲ್ಲ. ನಿಮ್ಮ ಯಜಮಾನರು ಬರೋಕಾಗದೇ ಇದ್ದದ್ದು ಅದಕ್ಕೇ. ನರ್ಸ್ ಕೆಲಸದ ವೀಸಾಗೆ ಆ ತಡೆ ಇಲ್ಲ. ನಿಮ್ಮ ಮಗಳು ನಿಮ್ಮ ಹತ್ತಿರ ಬರಬೇಕಾದರೆ ನನಗೆ ಕಾಣುವ ದಾರಿ ಇದೇ.

– ಒಬ್ಬ ಸ್ಟಾಫ್ ನರ್ಸ್, ಲೆಸ್ಟರ್

*

ಮೇಡಂ,

ನಾನು ವಕೀಲನಲ್ಲ. ಲಂಡನ್ನಿನ ಒಂದು ಸಂಸ್ಥೆಯ ಎಚ್‌ಆರ್ ವಿಭಾಗದಲ್ಲಿ ಸ್ಪಾನ್ಸರ್‌ಶಿಪ್ ಕಾಗದಪತ್ರ ನೋಡಿಕೊಳ್ಳುತ್ತೇನೆ. ಅಂದರೆ ಮಾಲೀಕರ ಕಡೆಯ ಮೇಜಿನಲ್ಲಿ ಕೂತವನು.

ನಿಮ್ಮ ವೀಸಾವನ್ನು ಕಂಪನಿ ಕ್ಯಾನ್ಸಲ್ ಮಾಡೋಕೆ ಬರಲ್ಲ. 'ಇವರು ನಮ್ಮಲ್ಲಿ ಕೆಲಸ ಮಾಡುತ್ತಿಲ್ಲ' ಅಂತ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಬಹುದು, ಅಷ್ಟೇ. ಆಮೇಲೆ ಹೋಮ್ ಆಫೀಸೇ ನಿಮಗೆ ಬರೆಯುತ್ತದೆ, ಸಾಮಾನ್ಯವಾಗಿ 60 ದಿನ ಕೊಡುತ್ತದೆ. ಅಷ್ಟರಲ್ಲಿ ಹೊಸ ಸ್ಪಾನ್ಸರ್ ಹುಡುಕಬೇಕು, ಇಲ್ಲಾ ಹೊರಡಬೇಕು. 60 ದಿನ ಅಂದರೆ ತುಂಬಾ ಕಮ್ಮಿ. ಆದ್ದರಿಂದ ರಾಜೀನಾಮೆ ಮಾತ್ರ ಈಗಲೇ ಕೊಡಬೇಡಿ. ಕೆಲಸದಲ್ಲಿ ಇದ್ದುಕೊಂಡೇ ಹುಡುಕಿ. ಹೊಸ ಕಂಪನಿಯಿಂದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಬಂದ ಮೇಲೆ ವೀಸಾಗೆ ಅರ್ಜಿ ಹಾಕಿ. ಅದು ಮಂಜೂರಾಗುವ ತನಕ ಹಳೇ ಕೆಲಸದಲ್ಲೇ ಮುಂದುವರಿಯಬಹುದು.

ದೂರು ಕೊಡುವ ಮುಂಚೆಯೂ ಇದನ್ನೇ ಯೋಚಿಸಿ. ಹೀಗೆ ಹೇಳೋಕೆ ನನಗೇ ಇಷ್ಟವಿಲ್ಲ. ಆದರೆ ದೂರಿನ ಮೇಲೆ ಆ ಕಂಪನಿಯ ಸ್ಪಾನ್ಸರ್ ಲೈಸೆನ್ಸೇ ಹೋದರೆ ನಿಮಗೂ, ನಿಮ್ಮ ಜೊತೆಯ ಹುಡುಗಿಯರಿಗೂ ಅದೇ 60 ದಿನದ ಕಾಗದ ಬರುತ್ತದೆ. ಮೊದಲು ಕಾಲೂರಲು ಜಾಗ ನೋಡಿಕೊಳ್ಳಿ. ಸಂಬಳದ ತಕರಾರಿಗೆ ಏಕಾಸ್ ಅನ್ನೋ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಬಹುದು, ದುಡ್ಡಿಲ್ಲದೇ ಸಲಹೆ ಕೊಡುತ್ತಾರೆ. ಯೂನಿಸನ್ ಯೂನಿಯನ್ ಸೇರಿ. ಬೆದರಿಸಿ ದುಡಿಸಿಕೊಳ್ಳುವವರ ಮೇಲೆ ಕಣ್ಣಿಡಲು ಜಿಎಲ್‌ಎಎ ಅಂತ ಸರ್ಕಾರದ್ದೇ ಸಂಸ್ಥೆ ಇತ್ತು, 2026ರ ಏಪ್ರಿಲ್‌ನಿಂದ ಆ ಕೆಲಸ ಫೇರ್ ವರ್ಕ್ ಏಜೆನ್ಸಿಯದು.

ಆ 6,000 ಪೌಂಡ್ ಯಾತರದ್ದು ಅಂತ ಬರವಣಿಗೆಯಲ್ಲಿ ಬಾಬತ್ತುವಾರು ಕೇಳಿ. ಹೊರದೇಶದವರನ್ನು ಸ್ಪಾನ್ಸರ್ ಮಾಡುವುದಕ್ಕೆ ಕಂಪನಿ ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಅನ್ನುವುದನ್ನು ಕೆಲಸಗಾರರ ತಲೆಗೆ ಕಟ್ಟುವಂತಿಲ್ಲ. ವಿಮಾನದ ಟಿಕೆಟ್, ತರಬೇತಿ ಅಂತ ಏನಾದರೂ ಕೊಟ್ಟಿದ್ದರೆ ಅದರ ಮಾತು ಬೇರೆ. ಅದೂ ದಿನ ಕಳೆದಂತೆ ಕಮ್ಮಿಯಾಗುತ್ತಾ ಬರಬೇಕು ಅಂತ ಇಂಗ್ಲೆಂಡಿನ ನೇಮಕಾತಿ ಸಂಹಿತೆ ಹೇಳುತ್ತದೆ. ಇಂಥ ಕಂಪನಿಗಳಿಗೆ ಬಾಬತ್ತು ಬರೆದು ಕೊಡಿ ಅಂದರೆ ಅರ್ಧಕ್ಕರ್ಧ ಜನ ಆಮೇಲೆ ಆ ಮಾತೇ ಎತ್ತುವುದಿಲ್ಲ.

ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿ ಸರ್ಕಾರದ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಹೊಸ ಕಂಪನಿ ಆ ಪಟ್ಟಿಯಲ್ಲಿದೆಯಾ, ಆರೈಕೆ ಸಂಸ್ಥೆಗಳ ಮೇಲೆ ನಿಗಾ ಇಡುವ ಸಿಕ್ಯೂಸಿಯಲ್ಲಿ ನೋಂದಣಿ ಆಗಿದೆಯಾ ನೋಡಿ. ಕೇರರ್ ಆಗಿಯೇ ಬದಲಾಯಿಸಿದರೆ ಗಂಟೆಗೆ 12.82 ಪೌಂಡ್‌ಗಿಂತ ಕಮ್ಮಿ ಒಪ್ಪಬೇಡಿ. 2025ರ ಏಪ್ರಿಲ್‌ನಿಂದ ವೀಸಾಗೆ ಅದೇ ಕನಿಷ್ಠ. ಸರ್ಟಿಫಿಕೇಟ್‌ಗೆ ದುಡ್ಡು ಕೊಡಿ ಅಂದವರ ಕಡೆ ತಿರುಗಿಯೂ ನೋಡಬೇಡಿ.

– ಲಂಡನ್ನಿನ ಓದುಗ

*

ನೋಡು ತಾಯಿ,

ನನಗೆ ಇಂಗ್ಲೆಂಡಿನ ಕಾನೂನು ಗೊತ್ತಿಲ್ಲ. ಏಜೆಂಟರು ಗೊತ್ತು. ನಮ್ಮ ಮಗಳನ್ನು ಕಳಿಸಲು ಎರಡು ಎಕರೆ ಅಡ ಇಟ್ಟು 11 ಲಕ್ಷ ಕೊಟ್ಟೆ. ಶುಂಠಿಗೆ ರೇಟು ಬಂದಿದ್ದ ವರ್ಷ, ಧೈರ್ಯ ಜಾಸ್ತಿ ಇತ್ತು. ಚೀಟಿ ಕೇಳಿದ್ದಕ್ಕೆ 'ಏನ್ ಯಜಮಾನ್ರೇ, ನಂಬಿಕೆ ಇಲ್ವಾ' ಅಂದ. ನಾನೂ ದಾಕ್ಷಿಣ್ಯಕ್ಕೆ ಸುಮ್ಮನಾದೆ. ಕಾಫಿ ಕುಡಿಸಿ ಕಳಿಸಿದ್ದೆ ಬೇರೆ.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಹೊರದೇಶದ ಕೆಲಸಕ್ಕೆ ಜನ ಕಳಿಸುವವನಿಗೆ 1983ರ ವಲಸೆ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಲೈಸೆನ್ಸ್ ಇರಬೇಕಂತೆ. ಅವನು ತಗೊಳ್ಳಬಹುದಾದ ಫೀಸು 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅಷ್ಟೇ! ಲೈಸೆನ್ಸ್ ಇದೆಯೋ ಇಲ್ಲವೋ ಅನ್ನೋದು ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ನಮ್ಮವನು ಅದರಲ್ಲಿ ಇರಲೇ ಇಲ್ಲ, ಬೋರ್ಡಿನಲ್ಲಿ 'ಕನ್ಸಲ್ಟೆನ್ಸಿ' ಅಂತಿತ್ತು. ಬ್ಯಾಂಕಿಂದ ಕಳಿಸಿದ್ದ ನಾಲ್ಕು ಲಕ್ಷಕ್ಕೆ ಪುರಾವೆ ಇತ್ತು. ಪೊಲೀಸ್ ಕಂಪ್ಲೇಂಟ್ ಕೊಟ್ಟ ಮೇಲೆ ಎರಡೂವರೆ ಲಕ್ಷ ವಾಪಸ್ ಬಂತು. ಕೈಯಾರೆ ಎಣಿಸಿ ಕೊಟ್ಟಿದ್ದು ಹೋಯಿತು. ನಿನ್ನ ಗಂಡನಿಗೆ ಹೇಳು, ಫೋನ್‌ಪೇ, ವಾಟ್ಸಾಪ್ ಮೆಸೇಜು, ಏನಿದೆಯೋ ಎಲ್ಲಾ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಲಿ.

ಇದನ್ನು ಓದುವ ಬೇರೆ ಅಪ್ಪಂದಿರಿಗೂ ಒಂದು ಮಾತು. ಈಗಲೂ 'ಯುಕೆ ಕೇರರ್ ವೀಸಾ' ಅಂತ ಜಾಹೀರಾತು ಕಾಣುತ್ತದೆ. 2025ರ ಜುಲೈ 22ರಿಂದ ಇಲ್ಲಿಂದ ಹೊಸದಾಗಿ ಕೇರರ್ ಆಗಿ ಹೋಗುವ ದಾರಿಯನ್ನೇ ಅವರು ಮುಚ್ಚಿದ್ದಾರೆ. ದುಡ್ಡು ಕೇಳಲು ಬಂದವನಿಗೆ ಕಾಫಿ ಕೊಡಬೇಡಿ.

– ಬೇಲೂರು ತಾಲ್ಲೂಕಿನ ರೈತ

*

ಪ್ರೀತಿಯ ಮಗಳೇ,

ನಾನು ಇಸ್ರೇಲಿನಲ್ಲಿ ಹನ್ನೊಂದು ವರ್ಷ ಕೇರ್‌ಗಿವರ್ ಆಗಿದ್ದವಳು. ನಮ್ಮ ಉಡುಪಿ, ಮಂಗಳೂರು ಕಡೆಯಿಂದ ಆ ಕೆಲಸಕ್ಕೆ ಹೋದವರು ಬಹಳ ಮಂದಿ. ನಮ್ಮದು ನಿನ್ನ ಹಾಗೆ ಮನೆ ಮನೆ ಸುತ್ತುವ ಕೆಲಸ ಅಲ್ಲ, ಒಂದೇ ಮನೆ, ಹಗಲೂ ರಾತ್ರಿ. ಮೊದಲೆಲ್ಲ ವೀಸಾದಲ್ಲಿ ಮಾಲೀಕರ ಹೆಸರೇ ಇರುತ್ತಿತ್ತು, ಆ ಮನೆ ಬಿಟ್ಟರೆ ದೇಶ ಬಿಟ್ಟ ಹಾಗೆ. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೀಗೆ ಕಟ್ಟಿಹಾಕುವುದು ತಪ್ಪು ಅಂತ ಹೇಳಿತು. ಕಾರ್ಮಿಕರ ಪರ ಸಂಘಟನೆಗಳು ಹಾಕಿದ ಕೇಸು ಅದು. ಆಗ ನಾವು ಮೂರು ಮಂದಿ ಊರಿನವರು ಶನಿವಾರದ ರಜೆಯಲ್ಲಿ ಪಾರ್ಕಿನಲ್ಲಿ ಕೂತು ಚಕ್ಕುಲಿ ಹಂಚಿಕೊಂಡು ತಿಂದದ್ದು ನೆನಪುಂಟು.

ನಾನು ಹೇಳುವುದು ಇಷ್ಟೇ. ಒಬ್ಬಳೇ ಇರಬೇಡ. ನನಗೆ ಎರಡನೇ ಮನೆ ಸಿಕ್ಕಿದ್ದು ಏಜೆನ್ಸಿಯಿಂದ ಅಲ್ಲ, ಬಸ್‌ಸ್ಟಾಪಿನಲ್ಲಿ ಪರಿಚಯವಾದ ಕುಂದಾಪುರದ ಹುಡುಗಿಯಿಂದ. ನೀನಿರುವ ಊರಿನಲ್ಲಿ ಕನ್ನಡದವರು, ಮಲಯಾಳಿ ನರ್ಸುಗಳು ಇದ್ದೇ ಇರುತ್ತಾರೆ. ಮಲಯಾಳಿಗಳಿಗೆ ಯಾವ ಆಸ್ಪತ್ರೆಯಲ್ಲಿ ಜಾಗ ಖಾಲಿ ಎಂಬುದು ಪೇಪರಿಗಿಂತ ಮೊದಲು ಗೊತ್ತಾಗುತ್ತದೆ. ಅವರ ಹತ್ತಿರ ಹೋಗಿ ಮಾತನಾಡು, ನಾಚಿಕೆ ಮಾಡಬೇಡ.

– ನಿವೃತ್ತ ಕೇರ್‌ಗಿವರ್, ಉಡುಪಿ

*

ಅಕ್ಕಾ, ನಾನು ಮಾತ್ರ ವಾಪಸ್ ಬನ್ನಿ ಅಂತೀನಿ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದೇನೆ. ಕೈಗೆ ಬರುವುದು 26,000. ಸಾಲ ತೀರಿಸೋಕೆ ಅದು ಸಾಲದು, ಒಪ್ಪುತ್ತೇನೆ. ಆದರೆ ವಾರಕ್ಕೆ ಹದಿನೆಂಟು ಗಂಟೆಯ ದುಡ್ಡಿನಲ್ಲಿ ಅಲ್ಲಿನ ರೂಮ್ ಬಾಡಿಗೆ, ಕಾರಿನ ಬಾಡಿಗೆ ಕಳೆದು ಊರಿಗೆ ಎಷ್ಟು ಕಳಿಸುತ್ತೀರಿ? ಆ ಲೆಕ್ಕ ನಿಮ್ಮ ಪತ್ರದಲ್ಲಿ ಇರಲಿಲ್ಲ. ಒಂದು ಗಡುವು ಹಾಕಿಕೊಳ್ಳಿ, ಆರು ತಿಂಗಳು ಅಂತಲೋ, ಒಇಟಿ ಎರಡು ಸಲ ಬರೆಯುವ ತನಕ ಅಂತಲೋ. ಅದು ದಾಟಿದರೆ ಟಿಕೆಟ್ ತೆಗೆಸಿ. ನಾಲ್ಕು ಜನ ನಗುತ್ತಾರೆ ಅನ್ನೋ ಭಯಕ್ಕೆ ಅಲ್ಲೇ ಸವೆಯಬೇಡಿ. ಅವರಲ್ಲಿ ಮೂರು ಜನ ನನ್ನನ್ನೂ ನೋಡಿ ನಕ್ಕವರೇ.

– ಸೌದಿಯಿಂದ ಎಂಟು ತಿಂಗಳಿಗೇ ಬಂದವಳು

*

ನನ್ನಮ್ಮ ಕುವೈತಿನಲ್ಲಿದ್ದರು. ನಾನು ಮೂರರಿಂದ ಒಂಬತ್ತನೇ ವಯಸ್ಸಿನವರೆಗೆ ಅಜ್ಜಿಮನೆಯಲ್ಲಿ ಬೆಳೆದೆ. ಮಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ವಿಡಿಯೋ ಕಾಲ್ ಮಾಡಿದಾಗ 'ಊಟ ಆಯ್ತಾ, ಓದ್ಕೊಂಡ್ಯಾ' ಅಂತ ಮಾತ್ರ ಕೇಳಬೇಡಿ. ಅದಕ್ಕೆ ಮಕ್ಕಳ ಹತ್ತಿರ ಉತ್ತರ ಇರುವುದಿಲ್ಲ. ನೀವು ಹೋಗುವ ಮನೆಯ ಅಜ್ಜಿಯ ಬೆಕ್ಕಿನ ಕಥೆ ಹೇಳಿ. ನಮ್ಮಮ್ಮ ನೋಡಿಕೊಳ್ಳುತ್ತಿದ್ದ ಮನೆಯಲ್ಲಿ ಒಂದು ಗಿಳಿ ಇತ್ತು. ಅದರ ಹೆಸರು ನನಗೆ ಇವತ್ತಿಗೂ ನೆನಪಿದೆ.

– ಕಾಲೇಜು ವಿದ್ಯಾರ್ಥಿನಿ, ಶಿರ್ವ

*

ತಂಗಿ, ನಿಮ್ಮ ಪತ್ರದ ಒಂದು ಸಾಲು ಓದಿ ಎದೆ ಧಸಕ್ಕೆಂದಿತು. ಕಂಪನಿಯ ಕಾರು ಓಡಿಸುತ್ತೇನೆ, ಬಂದು ಒಂದೂವರೆ ವರ್ಷ ಆಯಿತು ಅಂತ ಬರೆದಿದ್ದೀರಿ. ನಮ್ಮ ಇಂಡಿಯಾದ ಲೈಸೆನ್ಸ್ ಇಲ್ಲಿ ನಡೆಯುವುದು ಬಂದು ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ. ಆಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದೇ ಓಡಿಸಿದ ಹಾಗೆ. ವಿಮೆಯೂ ನಡೆಯದೇ ಹೋಗಬಹುದು. ಏನಾದರೂ ಆದರೆ ನಿಮ್ಮ ಮೇಲೆ ಕೇಸು ಬೀಳುತ್ತದೆ, ಕಂಪನಿ ಮಾತ್ರ 'ನಮಗೆ ಗೊತ್ತೇ ಇರಲಿಲ್ಲ' ಅನ್ನುತ್ತದೆ. ಇಲ್ಲಿನ ಲೈಸೆನ್ಸ್ ಈಗಾಗಲೇ ತೆಗೆದುಕೊಂಡಿದ್ದರೆ ಸರಿ, ನನ್ನ ಪತ್ರ ಹರಿದು ಹಾಕಿ. ಇಲ್ಲದಿದ್ದರೆ ಇವತ್ತೇ ಕೀಲಿಕೈ ವಾಪಸ್ ಕೊಡಿ. ನಡೆದು ಹೋಗುವ ರೌಂಡ್ ಕೊಡಿ, ಅಥವಾ ಇಬ್ಬರು ಹೋಗುವ ಡಬಲ್-ಅಪ್ ಮನೆಗಳಿಗೆ ಕಾರು ಓಡಿಸುವವರ ಜೊತೆ ಹಾಕಿ ಅಂತ ಇಮೇಲ್‌ನಲ್ಲಿ ಕೇಳಿ. ಪ್ರೊವಿಷನಲ್ ಲೈಸೆನ್ಸ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಆನ್‌ಲೈನ್‌ನಲ್ಲಿ 34 ಪೌಂಡ್. ಥಿಯರಿ ಪರೀಕ್ಷೆ 23. ಪ್ರಾಕ್ಟಿಕಲ್‌ಗೆ ತಾರೀಖು ಸಿಗುವುದು ತಿಂಗಳುಗಟ್ಟಲೆ ತಡ, ಅದಕ್ಕೇ ಇವತ್ತೇ ಶುರು ಮಾಡಿ.

– ಮ್ಯಾಂಚೆಸ್ಟರ್‌ನ ಟ್ಯಾಕ್ಸಿ ಡ್ರೈವರ್, ಊರು ಭದ್ರಾವತಿ