ಬಾಟಲಿ ಬಾಳೆ ಸಸಿಗೆ ಒಳ್ಳೆಯ ಬ್ಯಾಕ್ಟೀರಿಯಾ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಸ್ಯರೋಗ ತಜ್ಞೆ ಮೇಡಂ ನಮ್ಮ ಜೊತೆ ಇದ್ದಾರೆ. ಟಿಶ್ಯೂ ಕಲ್ಚರ್ ಬಾಳೆಯ ಹಾರ್ಡನಿಂಗ್, ಅಂದರೆ ಲ್ಯಾಬಿನ ಬಾಟಲಿಯಲ್ಲಿ ಬೆಳೆದ ಸಸಿಯನ್ನು ಹೊರಗಿನ ವಾತಾವರಣಕ್ಕೆ ಒಗ್ಗಿಸೋದರ ಬಗ್ಗೆ ಮಾತ್ರ ಕೇಳಿ.

ಮಂಡ್ಯ ರೈತ: ನಮಸ್ಕಾರ ಮೇಡಂ. ಜಿ9 ತಳಿಯ ಬಾಳೆ ಸಸಿಗೆ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ ಯಾಕೆ ಹಾಕಬೇಕು? ಗೊಬ್ಬರ ಸಾಲದಾ?

ಮೇಡಂ: ನಮಸ್ಕಾರ. ಇದು ಗೊಬ್ಬರ ಅಲ್ಲ. ಬಾಟಲಿಯಲ್ಲಿ ಸಸಿ ಸಕ್ಕರೆ ತಿಂದು, ತುಂಬಾ ತೇವದ ಗಾಳಿಯಲ್ಲಿ ಬೆಳೆದಿರುತ್ತದೆ. ಎಲೆಯ ಮೇಣದ ಪದರ ತೆಳು, ಬೇರಿನ ರೋಮ ಕಡಿಮೆ. ಲ್ಯಾಬಿನಲ್ಲಿ ರೋಗದ ಜೀವಿಗಳ ಜೊತೆ ಒಳ್ಳೆಯವೂ ಹೋಗಿಬಿಟ್ಟಿರುತ್ತವೆ. ಬೇರು ಒಂದು ಖಾಲಿ ಸೈಟು ಅಂದುಕೊಳ್ಳಿ. ಮೊದಲು ಬಂದವರು ಬೇಲಿ ಹಾಕಿಕೊಳ್ಳುತ್ತಾರೆ. ಸ್ಯೂಡೋಮೋನಾಸ್, ಬ್ಯಾಸಿಲಸ್, ಅಜೋಸ್ಪಿರಿಲಂ ಮೊದಲು ಸೇರಿದರೆ ಕೊಳೆರೋಗಕ್ಕೆ ಜಾಗ ಕಡಿಮೆ, ಬೇರೂ ಚೆನ್ನಾಗಿ ಕವಲೊಡೆಯುತ್ತದೆ.

ಶಿರಸಿ ಸದಸ್ಯ: ಡೋಸ್ ಎಷ್ಟು ಮೇಡಂ?

ಮೇಡಂ: ಟಾಲ್ಕ್ ಪುಡಿಯಾದರೆ ಲೀಟರಿಗೆ 10 ಗ್ರಾಂ. ಪ್ಯಾಕೆಟ್ ಮೇಲೆ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಬೇರನ್ನು ಅರ್ಧ ಗಂಟೆ ಅದ್ದಿ, ಟ್ರೇನಲ್ಲಿ ಕೂರಿಸಿ. ಸಂಜೆ ಮಾಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಎಕ್ಸ್‌ಪೈರಿ ದಾಟಿದ್ದು, ಬಿಸಿಲಲ್ಲಿ ಇಟ್ಟಿದ್ದು ತರಬೇಡಿ. ಅದರಲ್ಲಿ ಜೀವ ಉಳಿದಿರುವುದು ಕಷ್ಟ.

ಗುಂಡ್ಲುಪೇಟೆ ಸದಸ್ಯೆ: ಮೇಡಂ, ನಮ್ಮದು ಸಣ್ಣ ಶೆಡ್ಡು. 3,000 ರಸಬಾಳೆ ಸಸಿ ಬಾಟಲಿಯಿಂದ ಬಿಚ್ಚಿ ಟ್ರೇಗೆ ಹಾಕಿದ್ದೆ. ಎಂಟನೇ ದಿನಕ್ಕೆ ಬುಡ ಕಂದಾಗಿ ಬೀಳ್ತಿವೆ. ಎರಡು ಸಲ ಸ್ಯೂಡೋಮೋನಾಸ್ ಹಾಕಿದೆ. ಹೆದರಿಕೊಂಡು ಅದೇ ದಿನ ಸ್ಟ್ರೆಪ್ಟೋಸೈಕ್ಲಿನ್, ತಾಮ್ರದ ಔಷಧಿ ಎರಡೂ ಹಾಕಿದೆ. ಮುಂದೆ ಚೀಲಕ್ಕೆ ತುಂಬೋಕೆ ಹಳೇ ರಸಬಾಳೆ ತೋಟದ ಮಣ್ಣು ತಂದಿಟ್ಟಿದ್ದೀನಿ. ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತೆ ಅಂತ ಫಾರ್ವರ್ಡ್ ಬಂದಿತ್ತು.

ಮೇಡಂ: ಅಮ್ಮಾ, ಮೊದಲು ಆ ಮಣ್ಣನ್ನು ಮುಟ್ಟಬೇಡಿ. ಉಳಿದದ್ದು ಆಮೇಲೆ.

ನಂಜನಗೂಡು ರಸಬಾಳೆ ಅಷ್ಟೊಂದು ಕಮ್ಮಿಯಾಗಿದ್ದಕ್ಕೆ ದೊಡ್ಡ ಕಾರಣ ಪನಾಮಾ ಸೊರಗು ರೋಗ. ಅದರ ಶಿಲೀಂಧ್ರ ಬಾಳೆ ಇಲ್ಲದಿದ್ದರೂ ಮಣ್ಣಲ್ಲಿ ಹತ್ತಾರು ವರ್ಷ ಕೂತಿರುತ್ತದೆ. ರೋಗವಿಲ್ಲದ ಸಸಿ ಬೇಕು ಅಂತ ತಾನೇ ನೀವು ಲ್ಯಾಬಿನ ಸಸಿ ತಂದದ್ದು? ಅದನ್ನೇ ರೋಗದ ಮಣ್ಣಿಗೆ ಇಡಬಾರದು. ಶೆಡ್ಡಿನಲ್ಲಿ ಹಸಿರಾಗೇ ಕಾಣುತ್ತದೆ. ತಿಂಗಳುಗಳಾದ ಮೇಲೆ ತೋಟದಲ್ಲಿ ಎಲೆ ಹಳದಿಯಾಗಿ, ದಿಂಡು ಸೀಳಿ ಬೀಳುತ್ತದೆ. ಯಾವ ಬ್ಯಾಕ್ಟೀರಿಯಾವೂ ಅಂಥ ಮಣ್ಣನ್ನು ಶುದ್ಧ ಮಾಡಿಕೊಡುವುದಿಲ್ಲ. ಬಾಳೆಯನ್ನೇ ಕಾಣದ ಜಾಗದ ಮಣ್ಣು ತನ್ನಿ.

ಈಗ ಟ್ರೇ. ಸ್ಟ್ರೆಪ್ಟೋಸೈಕ್ಲಿನ್ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ತಾಮ್ರವೂ ಹಾಗೇ. ನೀವು ಹಾಕಿದ ಸ್ಯೂಡೋಮೋನಾಸ್ ಬಹುಪಾಲು ಸತ್ತಿರುತ್ತದೆ. ಹತ್ತು ದಿನವಾದರೂ ಅಂತರ ಬೇಕಿತ್ತು. ಬಿದ್ದ ಸಸಿ ಒಂದನ್ನು ಕಿತ್ತು ನೋಡಿ. ಬುಡ ಲೊಳಲೊಳ ಅಂತಿದ್ದು ನಾರಿದರೆ ಬ್ಯಾಕ್ಟೀರಿಯಾದ ಕೊಳೆ. ವಾಸನೆ ಇಲ್ಲದೆ ದಾರದ ಹಾಗೆ ಸಣ್ಣಗಾಗಿದ್ದರೆ ಶಿಲೀಂಧ್ರ. ಬೇರು ಬೆಳ್ಳಗಿದ್ದು ಎಲೆ ಮಾತ್ರ ಬಾಡಿದ್ದರೆ ತೇವದ ಕೊರತೆ. ಬೇರಿಗೆ ಅಂಟಿದ ಅಗರ್ (ಬಾಟಲಿಯ ಜೆಲ್ಲಿ) ಪೂರ್ತಿ ತೊಳೆದಿರಾ? ಮಧ್ಯಾಹ್ನ ಟನಲ್ (ಟ್ರೇ ಮೇಲಿನ ಪ್ಲಾಸ್ಟಿಕ್ ಗೂಡು) ಒಳಗೆ ಕೈ ಇಟ್ಟು ಬಿಸಿ ನೋಡಿದಿರಾ? ಆ ಮಣ್ಣು ತುಂಬಿದ ಚೀಲದ ಸಸಿ ಈಗಾಗಲೇ ಯಾರಿಗಾದರೂ ಕೊಟ್ಟಿದ್ದೀರಾ?

ಕೊಪ್ಪಳ ಸದಸ್ಯ: ಹುಳಿ ಮೊಸರು, ಬೆಲ್ಲ, ಅರಿಶಿನ ಕಲಸಿ ಮೂರು ದಿನ ಇಟ್ಟು ಬುಡಕ್ಕೆ ಹಾಕಿದರೆ ಎಲ್ಲಾ ಕೊಳೆ ನಿಲ್ಲುತ್ತೆ ಅಂತ ಒಂದು ವಿಡಿಯೋ ಬಂದಿದೆ. ಎಲ್ಲರಿಗೂ ಕಳಿಸಿ.

ಮೇಡಂ: ಕಳಿಸಬೇಡಿ. ಬೆಲ್ಲ ಕೊಳೆ ಶಿಲೀಂಧ್ರಕ್ಕೂ ಊಟ. ತೊಳೆಯದ ಅಗರ್ ಕೂಡ ಅದಕ್ಕೇ ಅಪಾಯ, ಅದರಲ್ಲಿ ಸಕ್ಕರೆ ಇರುತ್ತದೆ.

ತುಮಕೂರು ಸದಸ್ಯ: ಪ್ಯಾಕೆಟ್ ಯಾಕೆ ಬೇಕು? ಸಗಣಿ, ಗಂಜಲ, ಬೆಲ್ಲ ಕಲಸಿದ ಜೀವಾಮೃತದಲ್ಲಿ ಕೋಟಿಗಟ್ಟಲೆ ಜೀವಿ ಇವೆ. ದುಡ್ಡಿಲ್ಲದೆ ಆಗುತ್ತೆ.

ಹಾಸನ ಸದಸ್ಯ: ಅಣ್ಣಾ, ಯಾವ ಜೀವಿ ಅಂತ ಗೊತ್ತಾ? ಕಳೆದ ವರ್ಷ ಟ್ರೇಗೆ ಹಾಕಿ 200 ಸಸಿ ಕಳಕೊಂಡಿದ್ದೀನಿ.

ತುಮಕೂರು ಸದಸ್ಯ: ನೀವು ಮಾಡಿದ ರೀತಿ ತಪ್ಪಿರುತ್ತೆ. ಸಗಣಿ ಯಾವ ಹಸುವಿಂದು?

ಹಾಸನ ಸದಸ್ಯ: ಸಸಿ ನಂದು, ನಷ್ಟ ನಂದು. ಹಸು ಜಾತಕ ಯಾಕೆ ಕೇಳ್ತೀರಿ?

ಹಾವೇರಿ ಸದಸ್ಯ: ಇದೆಲ್ಲ ತಲೆನೋವು ಯಾಕೆ, ಸುಮ್ನೆ ತಾಯಿ ಗಿಡದ ಬುಡದಲ್ಲಿ ಬರೋ ಕತ್ತಿ ಕಂದು ಕಿತ್ತು ನೆಡಿ. ನಮ್ಮಜ್ಜ ಹಾಗೇ ಬೆಳೆದರು.

ಹಾಸನ ಸದಸ್ಯ: ಕಂದಿನ ಜೊತೆ ಸೊರಗು ರೋಗ, ಗೆಡ್ಡೆ ಸೊಂಡಿಲು ಹುಳ ಎರಡೂ ಬರುತ್ತೆ ಯಜಮಾನ್ರೇ.

ಮೇಡಂ: ದೊಡ್ಡ ಗಿಡದ ತೋಟಕ್ಕೆ ಜೀವಾಮೃತ ಹಾಕೋದು ನಿಮ್ಮ ಇಷ್ಟ. ಬಾಟಲಿಯಿಂದ ಈಗಷ್ಟೇ ಬಂದ ಸಸಿಗೆ ಬೇಡ. ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಜಗಳ ಬೇರೆ ಕಡೆ ಮಾಡಿ.

ಮಡಿಕೇರಿ ಸದಸ್ಯೆ: ಆರ್ಕಿಡ್‌ಗೂ ಇದೇ ಹಾಕಬಹುದಾ ಮೇಡಂ?

ವಿಜಯಪುರ ಸದಸ್ಯ: ಟ್ರೈಕೋಡರ್ಮಾ ಅನ್ನೋ ಬ್ಯಾಕ್ಟೀರಿಯಾ ಜೊತೆಗೆ ಹಾಕಬಹುದಾ?

ಮೇಡಂ: ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಅಲ್ಲ, ಒಳ್ಳೆಯ ಶಿಲೀಂಧ್ರ. ಹಾಕಬಹುದು. ತಾಮ್ರದ ಜೊತೆ ಬೇಡ.

ರಾಯಚೂರು ಸದಸ್ಯ: ಸ್ಯೂಡೋಮೋನಾಸ್ ಲೀಟರಿಗೆ ಎಷ್ಟು ಗ್ರಾಂ?

ಮೇಡಂ: ಮೇಲೆ ಇದೆ.

ರಾಯಚೂರು ಸದಸ್ಯ: ಮೇಲೆ ತುಂಬಾ ಮೆಸೇಜ್ ಇವೆ, ಒಂದು ಸಲ ಹೇಳೋಕೆ ಏನು ಕಷ್ಟ?

ಮೇಡಂ: ಓದೋಕೆ ಏನು ಕಷ್ಟ? ಗುಂಡ್ಲುಪೇಟೆ ಅಮ್ಮಾ, ಇದ್ದೀರಾ? ಕೊನೇ ಪ್ರಶ್ನೆಗೆ ಉತ್ತರ ಬೇಕು.

ಗುಂಡ್ಲುಪೇಟೆ ಸದಸ್ಯೆ: ಇದ್ದೀನಿ ಮೇಡಂ. ಬುಡ ನಾರುತ್ತಿದೆ. ಅಗರ್ ಒಂದೇ ನೀರಲ್ಲಿ ತೊಳೆದೆವು. ಟನಲ್ ಒಳಗೆ ಬಿಸಿ ತಡೆಯೋಕೆ ಆಗಲ್ಲ. ಹಿಂದಿನ ಬ್ಯಾಚಿನ 400 ಚೀಲ ಆ ಮಣ್ಣಲ್ಲೇ ತುಂಬಿ ನಮ್ಮ ಭಾವನಿಗೆ ಕೊಟ್ಟಿದ್ದೀನಿ.

ಮೇಡಂ: ಈಗಲೇ ಭಾವನಿಗೆ ಫೋನ್ ಮಾಡಿ. ನೆಡಬಾರದು ಅಂತ ಹೇಳಿ. ಟ್ರೇನಲ್ಲಿ ಕೊಳೆತದ್ದನ್ನು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮೇತ ತೆಗೆದು ಸುಟ್ಟುಬಿಡಿ. ನೀರು ಕಮ್ಮಿ ಮಾಡಿ. ನೆರಳು ಹೆಚ್ಚಿಸಿ. ಬೆಳಿಗ್ಗೆ, ಸಂಜೆ ಟನಲ್ ತುದಿ ಸ್ವಲ್ಪ ತೆರೆಯಿರಿ. ಹತ್ತು ದಿನ ಬಿಟ್ಟು, ಉಳಿದ ಗಟ್ಟಿ ಸಸಿಗಳಿಗೆ ಮಾತ್ರ ಹೊಸ ಸ್ಯೂಡೋಮೋನಾಸ್. ಬಿದ್ದದ್ದನ್ನು ಅದು ಎಬ್ಬಿಸುವುದಿಲ್ಲ.

ಕೊಪ್ಪಳ ಸದಸ್ಯ: ಮೊಸರಿನ ವಿಡಿಯೋ ನೋಡಿದಿರಾ ಮೇಡಂ?

ಅಡ್ಮಿನ್: ಆ ವಿಡಿಯೋ ಡಿಲೀಟ್ ಮಾಡಿದ್ದೀನಿ.

ಗುಂಡ್ಲುಪೇಟೆ ಸದಸ್ಯೆ: ಭಾವ ಸಿಕ್ಕರು. ನಾಳೆ ನೆಡಬೇಕು ಅಂತ ಗುಂಡಿ ತೆಗೆದಿಟ್ಟಿದ್ದರಂತೆ. ಇನ್ನೂ ನೆಟ್ಟಿಲ್ಲ.

ಮೇಡಂ: ಸದ್ಯ! ಚೀಲ ಬಿಚ್ಚಬೇಡಿ, ಮಣ್ಣು ಚೆಲ್ಲಬೇಡಿ, ಅದಕ್ಕೆ ಹಾಕಿದ ನೀರು ಹರಿದು ತೋಟ ಸೇರಬಾರದು. ಆ ಹಳೇ ತೋಟದಲ್ಲಿ ಸೊರಗು ಬಂದಿತ್ತಾ ಅಂತ ಯಜಮಾನರನ್ನು ಕೇಳಿ. ಬಂದಿತ್ತು ಅಂದರೆ 400 ಸಸಿಯನ್ನೂ ಕೈಬಿಡಬೇಕಾಗುತ್ತೆ ಅಮ್ಮಾ. ಬೆಳಿಗ್ಗೆ ನನಗೆ ಮೆಸೇಜ್ ಹಾಕಿ, ಕಾಯ್ತಿರುತ್ತೀನಿ.